ಡಿಸಿ-3 ವಿಮಾನದ ರೆಕ್ಕೆಯ ಜೋಡಣೆ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ವಿಮಾನ ಸಂಗ್ರಹಾಲಯವೊಂದರಲ್ಲಿ ಹಳೆಯ ಡಗ್ಲಸ್ ಡಿಸಿ-3 ವಿಮಾನವನ್ನು ಮತ್ತೆ ಹಾರಾಟಕ್ಕೆ ಸಜ್ಜುಗೊಳಿಸುವ ತಂಡಕ್ಕೆ ಸ್ವಯಂಸೇವಕನಾಗಿ ಸೇರಿದಾಗ, ಎಡಬದಿಯ ಹೊರರೆಕ್ಕೆಯು ನಡುರೆಕ್ಕೆಗೆ ಕೂಡುವ ಜೋಡಣೆಯನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂತು. ಹದಿನಾಲ್ಕು ಸಿಲಿಂಡರ್‌ಗಳ ಟ್ವಿನ್ ವಾಸ್ಪ್ ಎಂಜಿನ್ ಬಿಚ್ಚಬೇಕೆಂಬ ಆಸೆ ಅಲ್ಲಿ ಹೆಚ್ಚಿನವರಿಗಿತ್ತು. ಆದರೆ ಈ ವಿಮಾನದ ದೀರ್ಘಾಯುಷ್ಯದ ಗುಟ್ಟು ಎಂಜಿನ್ನಿಗಿಂತ ರೆಕ್ಕೆಯಲ್ಲಿದೆ ಎಂದೇ ನಾನು ನಂಬಿದ್ದೇನೆ.

1931ರಲ್ಲಿ ಕಾನ್ಸಾಸ್‌ನಲ್ಲಿ ಮರದ ರೆಕ್ಕೆಯ ಫೋಕರ್ ವಿಮಾನವೊಂದು ರೆಕ್ಕೆ ಮುರಿದು ಬಿದ್ದ ಮೇಲೆ ಅಮೆರಿಕದ ವಿಮಾನ ಸಂಸ್ಥೆಗಳು ಪೂರ್ತಿ ಲೋಹದ ವಿಮಾನಗಳತ್ತ ತಿರುಗಿದವು. ಡಗ್ಲಸ್ ಕಂಪನಿಯ ಡಿಸಿ-1 ಮತ್ತು ಹದಿನಾಲ್ಕು ಆಸನಗಳ ಡಿಸಿ-2 ಬಂದದ್ದು ಹೀಗೆ. ಅಮೆರಿಕನ್ ಏರ್‌ಲೈನ್ಸ್‌ಗೆ ಮಲಗುವ ಸೌಕರ್ಯವಿರುವ ಅಗಲವಾದ ವಿಮಾನ ಬೇಕಾಯಿತು. ಡಗ್ಲಸ್‌ನ ಎಂಜಿನಿಯರ್ ಆರ್ಥರ್ ರೇಮಂಡ್ ಅವರ ನೇತೃತ್ವದಲ್ಲಿ ರೂಪುಗೊಂಡ ಆ ವಿಮಾನ 1935ರ ಡಿಸೆಂಬರ್ 17ರಂದು ಸಾಂಟಾ ಮೋನಿಕಾದಲ್ಲಿ ಮೊದಲ ಬಾರಿಗೆ ಹಾರಿತು. ಹಗಲಿನ ಪ್ರಯಾಣಕ್ಕೆ 21 ಆಸನಗಳಿದ್ದ ಅದರ ರೂಪವೇ ಡಿಸಿ-3.

ವಿಮಾನ ವಿನ್ಯಾಸಕ ಜಾಕ್ ನಾರ್ತ್ರಪ್ ರೂಢಿಸಿದ ವಿಧಾನವನ್ನು ಅನುಸರಿಸಿದ ಈ ರೆಕ್ಕೆಯಲ್ಲಿ ಭಾರವೆಲ್ಲ ಒಂದೇ ತೊಲೆಯ ಮೇಲೆ ಬೀಳುವುದಿಲ್ಲ. ಸ್ಪಾರ್‌ಗಳು (ರೆಕ್ಕೆಯುದ್ದಕ್ಕೆ ಚಾಚಿದ ತೊಲೆಗಳು), ರಿಬ್‌ಗಳು (ಅಡ್ಡಕ್ಕೆ ಕೂರುವ ಚೌಕಟ್ಟುಗಳು), ಉದ್ದಕ್ಕೂ ರಿವೆಟ್ ಹೊಡೆದ ಬಿಗಿಪಟ್ಟಿಗಳು ಮತ್ತು ಹೊರತಗಡು ಸೇರಿ ಸಾಲುಸಾಲು ಪೆಟ್ಟಿಗೆಗಳಾಗಿ ಅದನ್ನು ಹಂಚಿಕೊಳ್ಳುತ್ತವೆ. ಎಂಜಿನ್‌ಗಳು, ಮುಖ್ಯ ಚಕ್ರಗಳು, ಇಂಧನದ ಟ್ಯಾಂಕ್‌ಗಳು ಎಲ್ಲವೂ ನಡುರೆಕ್ಕೆಯಲ್ಲೇ ಇರುವುದರಿಂದ ಹೊರರೆಕ್ಕೆಯನ್ನು ಅವುಗಳಿಗೆ ಕೈಹಚ್ಚದೆ ಬೇರ್ಪಡಿಸಬಹುದು. ದೂರದ ನಿಲ್ದಾಣಗಳಲ್ಲಿ ರಿಪೇರಿ ಮಾಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದು ಸ್ಪ್ಯಾನರ್ ಹಿಡಿದವರಿಗಷ್ಟೇ ಪೂರ್ತಿ ಅರ್ಥವಾದೀತು. ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇದೇ ವಿಮಾನದ ಸೇನಾ ರೂಪವಾದ ಸಿ-47ಗಳನ್ನು ಓವರ್‌ಹಾಲ್ ಮಾಡುತ್ತಿತ್ತು ಎಂಬುದು ಕೆಲಸದುದ್ದಕ್ಕೂ ನನ್ನ ನೆನಪಿನಲ್ಲಿತ್ತು.

ಜೋಡಣೆಯ ಮೇಲಿನ ತೆಳು ತಗಡಿನ ಪಟ್ಟಿಯನ್ನು ತೆಗೆದೊಡನೆ ಎರಡೂ ಬದಿಯ ಕೋನಪಟ್ಟಿಗಳು, ಎಂದರೆ ಮೂಲೆಯಾಗಿ ಬಾಗಿದ ಲೋಹದ ಪಟ್ಟಿಗಳು, ಬೆನ್ನಿಗೆ ಬೆನ್ನು ಹಚ್ಚಿ ನಿಂತಿರುವುದೂ, ಅವುಗಳ ನಡುವೆ ನೂರಾರು ಸಣ್ಣ ಬೋಲ್ಟ್‌ಗಳು ಒತ್ತೊತ್ತಾಗಿ ಸಾಲುಗಟ್ಟಿರುವುದೂ ಕಾಣುತ್ತದೆ. ಬೇಗ ಹಾಳಾಗುವುದು ರೆಕ್ಕೆಯ ಕೆಳಬದಿಯ ಕೋನಪಟ್ಟಿ, ಏಕೆಂದರೆ ಹಾರಾಟದಲ್ಲಿ ಎಳೆತ ಬೀಳುವುದು ಅಲ್ಲಿ, ನೀರು ಇಳಿದು ನಿಲ್ಲುವುದೂ ಅಲ್ಲೇ. ಮೊದಲು ಹಳೆಯ ಬಣ್ಣವನ್ನು ದ್ರಾವಕ ಹಚ್ಚಿ, ಪ್ಲಾಸ್ಟಿಕ್ ಹೆರೆಗತ್ತಿಯಿಂದ ತೆಗೆದೆ. ಉಕ್ಕಿನ ಬ್ಲೇಡು ಗೀರಿದರೆ ಆ ಗೀರೇ ಮುಂದೆ ಬಿರುಕಿಗೆ ದಾರಿಯಾಗುತ್ತದೆ. ಬಳಿಕ ಸೂಕ್ಷ್ಮ ಬಿರುಕುಗಳೊಳಗೆ ಇಳಿಯುವ ಕೆಂಪು ದ್ರವವಾದ ಪೆನೆಟ್ರಂಟ್ ಬಳಿದು, ಅದು ಒಳಗಿಳಿಯುವಷ್ಟು ಹೊತ್ತು ಬಿಟ್ಟು, ಮೇಲ್ಮೈಯನ್ನು ಚೊಕ್ಕವಾಗಿ ಒರೆಸಿ ಒಳಗಿಳಿದ ಬಣ್ಣವನ್ನು ಮೇಲೆಳೆದು ತೋರಿಸುವ ಬಿಳಿಯ ಡೆವಲಪರ್ ಸಿಂಪಡಿಸಿದೆ. ಎರಡು ಬೋಲ್ಟ್‌ಗಳ ನಡುವೆ, ಪಟ್ಟಿ ಬಾಗುವ ಮೂಲೆಯಲ್ಲಿ, ಕೂದಲೆಳೆಯಂಥ ಕೆಂಪು ಗೆರೆ ನಿಧಾನವಾಗಿ ಮೇಲೆದ್ದು ಬಂತು. ತಂಡದ ಪರವಾನಗಿ ಪಡೆದ ಇನ್‌ಸ್ಪೆಕ್ಟರ್ ಅದು ಬಿರುಕೇ ಎಂದು ಎಡ್ಡಿ ಕರೆಂಟ್ ಪರೀಕ್ಷೆಯಿಂದ (ಲೋಹದಲ್ಲಿ ಸುಳಿ ವಿದ್ಯುತ್ ಹರಿಸಿ ದೋಷ ಪತ್ತೆಹಚ್ಚುವ ವಿಧಾನ) ಖಚಿತಪಡಿಸಿದ ಮೇಲೆ, ರೆಕ್ಕೆಯನ್ನು ತೊಟ್ಟಿಲಿನಂಥ ಆಧಾರದ ಮೇಲೆ ಕೂರಿಸಿ ಬೋಲ್ಟ್‌ಗಳನ್ನು ಬಿಚ್ಚಿ, ಆ ಕೋನಪಟ್ಟಿಯನ್ನೇ ಬದಲಿಸಿದೆವು.

ಹಳೆಯ ಬೋಲ್ಟ್‌ಗಳಲ್ಲಿ ಒಂದನ್ನೂ ಮರಳಿ ಬಳಸಲಿಲ್ಲ. ಹೊಸದನ್ನು ಹಾಕುವಾಗ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್‌ನಿಂದ ಕೈಪಿಡಿ ಹೇಳಿದ ಕ್ರಮದಲ್ಲೇ ಬಿಗಿದು, ಪ್ರತಿಯೊಂದರ ಮೇಲೂ ಬಣ್ಣದ ಗುರುತು ಹಾಕಿದೆ. ಮುಂದಿನ ತಪಾಸಣೆಯಲ್ಲಿ ಸಡಿಲವಾದ ಬೋಲ್ಟ್ ಯಾವುದೆಂದು ಈ ಗುರುತಿನಿಂದಲೇ ತಿಳಿಯುತ್ತದೆ.