ಕರುಳಿನ ಗಡ್ಡೆಯ ಅಂಚಿನಲ್ಲಿ ನಾನು ಹುಡುಕುವುದು

ನಾನು ಹಾಸನದಲ್ಲಿ ಪೆಥಾಲಜಿಸ್ಟ್. ಆಪರೇಷನ್ ಮಾಡಿ ತೆಗೆದ ಕರುಳು, ಕೊಲೊನೋಸ್ಕೋಪಿಯಲ್ಲಿ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವಾಗ) ತೆಗೆದ ಪಾಲಿಪ್ ಅನ್ನೋ ಸಣ್ಣ ಗಂಟು, ಎಲ್ಲವೂ ನನ್ನ ಟೇಬಲ್‌ಗೆ ಬರುತ್ತವೆ. ದೊಡ್ಡ ಕರುಳಿನ ಕ್ಯಾನ್ಸರ್ ಸ್ಲೈಡ್ ಹಾಕಿದಾಗ ನನ್ನ ಕಣ್ಣು ಮೊದಲು ಗಡ್ಡೆಯ ಅಂಚಿಗೆ ಹೋಗುತ್ತದೆ. ನಡುಭಾಗವನ್ನು ಆಮೇಲೆ ನೋಡುತ್ತೇನೆ. ಜೀವಕೋಶಗಳು ಒಂದನ್ನೊಂದು ಹಿಡಿದುಕೊಳ್ಳುವ ಪ್ರೋಟೀನ್‌ಗಳ ಕತೆ ಗೊತ್ತಾಗುವುದು ಆ ಅಂಚಿನಲ್ಲೇ.

ದೊಡ್ಡ ಕರುಳಿನ ಒಳಪದರ ಸುಮಾರು 4–5 ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಸಣ್ಣ ಸಣ್ಣ ಗುಂಡಿಗಳ ತಳದಲ್ಲಿ ಹೊಸ ಕೋಶ ಹುಟ್ಟುತ್ತದೆ, ಮೇಲಕ್ಕೆ ಸರಿಯುತ್ತದೆ, ತುದಿಗೆ ಬಂದು ಉದುರುತ್ತದೆ. ಇಷ್ಟು ಓಡಾಟ ಇದ್ದರೂ ಪದರ ಎಲ್ಲೂ ಬಾಯಿ ಬಿಡಲ್ಲ. ಅಕ್ಕಪಕ್ಕದ ಕೋಶಗಳನ್ನು ಹಿಡಿದಿಡುವ ಮುಖ್ಯ ಪ್ರೋಟೀನ್ ಇ-ಕ್ಯಾಡ್‌ಹೆರಿನ್. ಈ ಗುಂಪಿನ ಪ್ರೋಟೀನ್‌ಗಳನ್ನು ಮೊದಲು ಗುರುತಿಸಿದವರಲ್ಲಿ ಪ್ರಮುಖರು ಜಪಾನಿನ ವಿಜ್ಞಾನಿ ಮಸಾತೋಶಿ ತಕೇಯಿಚಿ. ಒಂದು ಕೋಶದ ಇ-ಕ್ಯಾಡ್‌ಹೆರಿನ್ ಪಕ್ಕದ ಕೋಶದ ಇ-ಕ್ಯಾಡ್‌ಹೆರಿನ್ ಜೊತೆ ಸೇರಿಕೊಳ್ಳುತ್ತದೆ. ಅದಕ್ಕೆ ಕ್ಯಾಲ್ಸಿಯಂ ಬೇಕು. ಹಾಗಂತ ಕ್ಯಾಲ್ಸಿಯಂ ಮಾತ್ರೆ ನುಂಗಿ ಈ ಕಾಯಿಲೆ ವಾಸಿ ಮಾಡಿಕೊಳ್ಳೋಕೆ ಆಗಲ್ಲ. ಯಾರಾದರೂ ಹಾಗೆ ಹೇಳಿದರೆ ದಯವಿಟ್ಟು ನಂಬಬೇಡಿ.

ಇ-ಕ್ಯಾಡ್‌ಹೆರಿನ್‌ನ ಬಾಲ ಕೋಶದ ಒಳಗಿದೆ. ಅದಕ್ಕೆ ಬೀಟಾ-ಕ್ಯಾಟೆನಿನ್ ಅಂಟಿಕೊಂಡಿರುತ್ತದೆ. ಹಿಡಿತ ಗಟ್ಟಿಯಾಗಿರಲು ಅದೂ ಬೇಕು. ಬಾಲಕ್ಕೆ ಅಂಟಿಕೊಳ್ಳದೆ ಉಳಿದ ಬೀಟಾ-ಕ್ಯಾಟೆನಿನ್ ಅನ್ನು ಕೋಶ ಆಗಾಗ ನಾಶ ಮಾಡುತ್ತಿರುತ್ತದೆ, ಆ ಕೆಲಸಕ್ಕೆ ಎಪಿಸಿ ಅನ್ನೋ ಪ್ರೋಟೀನ್ ಬೇಕೇ ಬೇಕು. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 80% ಗಡ್ಡೆಗಳಲ್ಲಿ ಈ ಎಪಿಸಿ ಜೀನ್ ಕೆಟ್ಟಿರುತ್ತದೆ, ಅದೂ ಬಹಳ ಸಲ ಪಾಲಿಪ್ ಹಂತದಲ್ಲೇ. ಆಗ ಬೀಟಾ-ಕ್ಯಾಟೆನಿನ್ ಸುಮ್ನೆ ರಾಶಿ ಬೀಳುತ್ತದೆ, ನ್ಯೂಕ್ಲಿಯಸ್ ಒಳಗೆ ಹೋಗುತ್ತದೆ, ಕೋಶ ಒಡೆದು ಎರಡಾಗಲು ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕರುಳಿನ ಕ್ಯಾನ್ಸರ್‌ನಲ್ಲಿ ಅಂಟಿನ ಪ್ರೋಟೀನ್ ಮುಖ್ಯವಾಗುವುದು ಇದರಿಂದಲೇ. ಕೋಶಗಳನ್ನು ಕಟ್ಟಿಹಾಕುವ ಪ್ರೋಟೀನೇ ಬೆಳೆಯಿರಿ ಅಂತ ಅಪ್ಪಣೆಯನ್ನೂ ಕೊಡುತ್ತದೆ.

ಇದನ್ನು ಸ್ಲೈಡಿನಲ್ಲಿ ನೋಡಬೇಕಾದರೆ ಸ್ಪೆಸಿಮನ್ ಸರಿಯಾಗಿ ಬಂದಿರಬೇಕು. ಸಕಲೇಶಪುರ, ಅರಸೀಕೆರೆ, ಅರಕಲಗೂಡು ಕಡೆಯವರು ಡಬ್ಬ ಹಿಡಿದುಕೊಂಡು ಬಸ್ಸಿನಲ್ಲಿ ಬರುತ್ತಾರೆ. ಎಷ್ಟೋ ಸಲ ಉದ್ದದ ಕರುಳು ಸಣ್ಣ ಡಬ್ಬದಲ್ಲಿ ಮುದುಡಿಕೊಂಡಿರುತ್ತದೆ, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ಅರ್ಧವೂ ಮುಳುಗಿಸಿರಲ್ಲ. ಒಮ್ಮೊಮ್ಮೆ ಬರೀ ಸಲೈನ್ ಇರುತ್ತದೆ. ಅಂಥದ್ದು ಒಳಗಿನಿಂದ ಕೊಳೆಯುತ್ತದೆ. ಪ್ರೋಟೀನ್ ತೋರಿಸಲು ಹಾಕುವ ಬಣ್ಣ ಹಿಡಿಯದಿದ್ದರೆ ಪ್ರೋಟೀನ್ ನಿಜವಾಗಿ ಇಲ್ಲವೋ, ಕೊಳೆತು ಹಾಳಾಯಿತೋ ಹೇಳಲಾಗದು. ಅದಕ್ಕೆ ಸರ್ಜನ್‌ಗಳಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ಅಂಗಾಂಶದ ಹತ್ತು ಪಟ್ಟು 10% ಫಾರ್ಮಲಿನ್ ಹಾಕಿ, ತಡ ಮಾಡಬೇಡಿ.

ಡಬ್ಬ ಬಂದ ಕೂಡಲೇ ಗಡ್ಡೆ ಇರುವ ಜಾಗ ಬಿಟ್ಟು ಕರುಳನ್ನು ಉದ್ದಕ್ಕೆ ಕತ್ತರಿಸಿ ಬಿಚ್ಚುತ್ತೇನೆ. ಮಲ ತೊಳೆದು, ಬೋರ್ಡಿಗೆ ಪಿನ್ ಹೊಡೆದು, ಮತ್ತೆ ಫಾರ್ಮಲಿನ್‌ನಲ್ಲಿ ಒಂದು ರಾತ್ರಿಯಾದರೂ ಬಿಡುತ್ತೇನೆ. ಮರುದಿನ ಗ್ರಾಸಿಂಗ್, ಅಂದರೆ ಬರಿಗಣ್ಣಿಂದ ನೋಡಿ ತುಂಡು ಆರಿಸುವುದು. ಗಡ್ಡೆ ಎಲ್ಲಿ ಎಲ್ಲಕ್ಕಿಂತ ಆಳಕ್ಕೆ ಇಳಿದಿದೆ ಅಂತ ಬೆರಳಿಂದ ಒತ್ತಿ ನೋಡಿ, ಅಲ್ಲಿಂದಲೇ ಬ್ಲಾಕ್ (ಮೇಣದಲ್ಲಿ ಕೂರಿಸುವ ತುಂಡು) ತೆಗೆಯುತ್ತೇನೆ. ಇನ್ನೊಂದು ಬ್ಲಾಕ್‌ನಲ್ಲಿ ಗಡ್ಡೆಯ ಜೊತೆ ಪಕ್ಕದ ಒಳ್ಳೆಯ ಒಳಪದರವೂ ಬರಬೇಕು. ಆ ಒಳ್ಳೆಯ ಭಾಗವೇ ನನಗೆ ಸಾಕ್ಷಿ. ಅಲ್ಲಿ ಬಣ್ಣ ಚೆನ್ನಾಗಿ ಬಂದಿದ್ದು ಗಡ್ಡೆಯಲ್ಲಿ ಮಾತ್ರ ಬರದಿದ್ದರೆ ಆಗ ನಂಬಬಹುದು. ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಕೊಬ್ಬಿನಲ್ಲಿ ಹುಡುಕಿ ಕನಿಷ್ಠ 12 ತೆಗೆಯಬೇಕು. ಇದು ತಾಳ್ಮೆಯ ಕೆಲಸ, ಆದರೆ ಕ್ಯಾನ್ಸರ್ ಅವಕ್ಕೆ ಹರಡಿದೆಯಾ ಅಂತ ನೋಡದೆ ಸ್ಟೇಜ್ ಹೇಳಲಾಗದು.

ಐಎಚ್‌ಸಿ ಅಂದರೆ ಪ್ರೋಟೀನ್ ಇರುವ ಜಾಗಕ್ಕೆ ಬಣ್ಣ ಬರಿಸುವ ಟೆಸ್ಟ್. ಅದನ್ನು ಮಾಡುವಾಗ ಸುಮಾರು 4 ಮೈಕ್ರಾನ್ ದಪ್ಪದ ಸೆಕ್ಷನ್ ಕತ್ತರಿಸಿ, ಅಂಟು ಲೇಪಿಸಿದ ಸ್ಲೈಡ್ ಮೇಲೆ ಹಿಡಿಯುತ್ತೇವೆ. ಫಾರ್ಮಲಿನ್‌ನಿಂದ ಮುಚ್ಚಿಹೋದ ಪ್ರೋಟೀನ್ ಮತ್ತೆ ತೆರೆಯಲಿ ಅಂತ ಪಿಎಚ್ 9ರ ಟ್ರಿಸ್-ಇಡಿಟಿಎ ದ್ರಾವಣದಲ್ಲಿ ಬೇಯಿಸಬೇಕು. ನಮ್ಮಲ್ಲಿ ಅದಕ್ಕೆ ಬಳಸುವುದು ಪ್ರೆಷರ್ ಕುಕ್ಕರ್. ಬೆಂದ ಮೇಲೆ ತಣ್ಣಗಾಗುವ ತನಕ ಮುಟ್ಟಬಾರದು. ಅವಸರ ಮಾಡಿದರೆ ಸೆಕ್ಷನ್ ಕಿತ್ತು ಬರುತ್ತದೆ. ಆಮೇಲೆ ಆ ಪ್ರೋಟೀನ್‌ಗೇ ಹೋಗಿ ಅಂಟುವ ಆ್ಯಂಟಿಬಾಡಿ, ತೊಳೆಯುವುದು, ಕೊನೆಗೆ ಬಣ್ಣ ಬರಿಸುವ ಡಿಎಬಿ. ಪ್ರೋಟೀನ್ ಇರುವಲ್ಲಿ ಕಂದು ಬಣ್ಣ ಏಳುತ್ತದೆ. ನ್ಯೂಕ್ಲಿಯಸ್‌ಗೆ ಹೆಮಟಾಕ್ಸಿಲಿನ್ ಹಾಕಿದರೆ ನೀಲಿ.

ಒಳ್ಳೆಯ ಪದರದಲ್ಲಿ ಪ್ರತಿ ಕೋಶದ ಸುತ್ತ ತೆಳ್ಳಗೆ ಕಂದು ಗೆರೆ, ಒಳಗೆ ನೀಲಿ ನ್ಯೂಕ್ಲಿಯಸ್. ಗಡ್ಡೆಯ ನಡುಭಾಗದಲ್ಲೂ ಬಹಳ ಸಲ ಹೀಗೇ ಇರುತ್ತದೆ, ಇ-ಕ್ಯಾಡ್‌ಹೆರಿನ್ ಗೆರೆ ಅಷ್ಟೇನೂ ಕೆಟ್ಟಿರಲ್ಲ. ಸ್ಲೈಡನ್ನು ಸ್ನಾಯುಪದರದ ಕಡೆ ಸರಿಸುತ್ತಾ ಬಂದರೆ ಚಿತ್ರ ಬದಲಾಗುತ್ತದೆ. ಕೋಶಗಳು ಕಟ್ಟಿಕೊಂಡ ಗ್ರಂಥಿಗಳು ಹರಿದು ಚೂರಾಗಿರುತ್ತವೆ. ಗುಂಪಿನಿಂದ ಕಳಚಿಕೊಂಡ ಒಂದು ಕೋಶ, ಅದರಾಚೆ ಎರಡು ಮೂರು ಕೋಶದ ತುಣುಕು. ಇವುಗಳ ಸುತ್ತಲಿನ ಕಂದು ಗೆರೆ ಅಲ್ಲಲ್ಲಿ ತುಂಡಾಗಿರುತ್ತದೆ, ಇಲ್ಲವೇ ಮಾಸಿರುತ್ತದೆ. ಅದೇ ಜಾಗವನ್ನು ಬೀಟಾ-ಕ್ಯಾಟೆನಿನ್ ಸ್ಲೈಡಿನಲ್ಲಿ ನೋಡಿದರೆ ಕಂದು ಬಣ್ಣ ನ್ಯೂಕ್ಲಿಯಸ್ ಒಳಗೇ ಕೂತಿರುತ್ತದೆ. ಹಿಡಿತ ಸಡಿಲವಾಗಿದ್ದೂ ಬೆಳೆಯುವ ಅಪ್ಪಣೆ ಹೊರಟಿದ್ದೂ ಒಂದೇ ಕಡೆ ಕಾಣುತ್ತವೆ.

"ಅಂಟು ಹೋಯಿತು, ಕ್ಯಾನ್ಸರ್ ಹರಡಿತು" ಅಂತ ಓದಿದ್ದೆಲ್ಲ ಕರುಳಿಗೆ ಪೂರ್ತಿ ಹೊಂದಲ್ಲ. ಸ್ತನದ ಲೋಬ್ಯುಲರ್ ಕ್ಯಾನ್ಸರ್‌ನಲ್ಲಿ ಇ-ಕ್ಯಾಡ್‌ಹೆರಿನ್ ಸಾಮಾನ್ಯವಾಗಿ ಪೂರ್ತಿ ಮಾಯವಾಗುತ್ತದೆ. ಕರುಳಿನಲ್ಲಿ ಹಾಗಲ್ಲ. ಲಿವರ್‌ಗೆ ಹೋಗಿ ಕೂತ ಗಡ್ಡೆಯ ಸ್ಲೈಡ್ ನೋಡಿ, ಬಹಳ ಸಲ ಅಲ್ಲಿ ಮತ್ತೆ ಚೆಂದದ ಗ್ರಂಥಿ ಕಟ್ಟಿಕೊಂಡು, ಕಂದು ಗೆರೆಯೂ ವಾಪಸ್ ಬಂದಿರುತ್ತದೆ. ಅಂದರೆ ಹೊರಡುವಾಗ ಹಿಡಿತ ಬಿಟ್ಟ ಕೋಶ, ಹೊಸ ಜಾಗದಲ್ಲಿ ಬೆಳೆಯಲು ಮತ್ತೆ ಹಿಡಿತ ಬಯಸುತ್ತದೆ. ಒಟ್ಟಾಗಿ ಕೈಬಿಡದೆ ನುಗ್ಗುವ ಗುಂಪುಗಳೂ ಇವೆ.

ಹೀಗಿದ್ದರೂ ಎಲ್ಲ ರೋಗಿಗೂ ನಾನು ಇ-ಕ್ಯಾಡ್‌ಹೆರಿನ್ ಟೆಸ್ಟ್ ಬರೆಯಲ್ಲ. ದುಡ್ಡು ರೋಗಿಯದು, ಆ ಟೆಸ್ಟ್ ನೋಡಿ ಚಿಕಿತ್ಸೆ ಬದಲಾಗಲ್ಲ. ಎಲ್ಲ ಗಡ್ಡೆಗೂ ಹಾಕುವ ಮಾಮೂಲಿ ಬಣ್ಣದ (ಎಚ್ ಅಂಡ್ ಇ) ಸ್ಲೈಡಿನಲ್ಲೇ ಅಂಚಿನ ತುಣುಕುಗಳನ್ನು ಎಣಿಸುತ್ತೇನೆ. ಇದಕ್ಕೆ ಟ್ಯೂಮರ್ ಬಡ್ಡಿಂಗ್ ಅನ್ನುತ್ತಾರೆ. 2016ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿದ ಪ್ರಕಾರ, ಒಂಟಿ ಕೋಶ ಅಥವಾ ಹೆಚ್ಚೆಂದರೆ 4 ಕೋಶಗಳ ಗುಂಪು ಒಂದು ಬಡ್. ಅತಿ ಹೆಚ್ಚು ಕಾಣುವ ಕಡೆ 0.785 ಚದರ ಮಿಲಿಮೀಟರ್ ಜಾಗದಲ್ಲಿ ಎಣಿಸಬೇಕು. 0–4 ಇದ್ದರೆ ಕಡಿಮೆ, 5–9 ಮಧ್ಯಮ, 10 ಅಥವಾ ಹೆಚ್ಚಿದ್ದರೆ ಜಾಸ್ತಿ. ಮೊದಲ ಹಂತದ ಕ್ಯಾನ್ಸರ್ ಇರುವ ಪಾಲಿಪ್ ತೆಗೆದಾಗ, ಇಷ್ಟಕ್ಕೇ ಬಿಡಬಹುದಾ, ಕರುಳನ್ನೂ ತೆಗೆಯಬೇಕಾ ಅನ್ನೋ ತೀರ್ಮಾನಕ್ಕೆ ಈ ಎಣಿಕೆ ತುಂಬಾ ಸಹಾಯ. ಐಎಚ್‌ಸಿಗೆ ದುಡ್ಡು ಹಾಕುವುದಾದರೆ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6, ಡಿಎನ್‌ಎ ತಪ್ಪು ತಿದ್ದುವ ಈ ನಾಲ್ಕು ಪ್ರೋಟೀನ್‌ಗಳಿಗೆ ಹಾಕಿ. ಚಿಕಿತ್ಸೆಗೂ, ಮನೆಯಲ್ಲಿ ಉಳಿದವರಿಗೆ ಅಪಾಯ ಇದೆಯಾ ತಿಳಿಯೋಕೂ ಅವು ಬೇಕು.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ: ಕರುಳಿನ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ನೋಡುವ ಸಿಇಎ ಕೂಡ ಅಂಟಿನ ಪ್ರೋಟೀನೇ. 1965ರಲ್ಲಿ ಗೋಲ್ಡ್ ಮತ್ತು ಫ್ರೀಡ್‌ಮನ್ ಇದನ್ನು ವರದಿ ಮಾಡಿದರು. ಒಳ್ಳೆಯ ಕೋಶ ಇದನ್ನು ಕರುಳಿನ ಒಳಬದಿಗೆ ಮಾತ್ರ ಇಡುತ್ತದೆ, ಮಲದ ಜೊತೆ ಹೊರಗೆ ಹೋಗುತ್ತದೆ. ಕ್ಯಾನ್ಸರ್ ಕೋಶಕ್ಕೆ ಮೇಲೆ ಕೆಳಗೆ ಅನ್ನೋ ಲೆಕ್ಕ ತಪ್ಪಿರುತ್ತದೆ. ಸಿಇಎ ಸುತ್ತಲೂ ಬಂದು ರಕ್ತಕ್ಕೂ ಸೇರುತ್ತದೆ.

ಅರಕಲಗೂಡು ಕಡೆಯ ಒಬ್ಬರು ತಾಯಿಯ ರಿಪೋರ್ಟ್ ಹಿಡಿದುಕೊಂಡು ಬಂದಿದ್ದರು. "ಮೇಡಂ, ಅಮ್ಮಂಗೆ ಸಿಇಎ ನಾರ್ಮಲ್ ಬಂದೈತೆ. ಇನ್ನು ಸ್ಕ್ಯಾನ್ ಗೀನ್ ಯಾಕೆ, ಅಲ್ವಾ?" ಹಳೆಯ ರಿಪೋರ್ಟ್ ತೆಗೆಸಿದೆ. ಆಪರೇಷನ್‌ಗೆ ಮುಂಚೆಯೂ ನಾರ್ಮಲ್ಲೇ ಇತ್ತು. "ಇಲ್ಲಪ್ಪ, ನಿಮ್ಮ ತಾಯಿ ಗಡ್ಡೆ ಮೊದಲಿಂದಲೂ ಸಿಇಎ ಜಾಸ್ತಿ ಬಿಡ್ತಿರಲಿಲ್ಲ. ನಾಳೆ ಕಾಯಿಲೆ ವಾಪಸ್ ಬಂದರೂ ಅದು ಏರದೇ ಇರಬಹುದು. ಸ್ಕ್ಯಾನ್, ಕೊಲೊನೋಸ್ಕೋಪಿ ಎರಡೂ ತಪ್ಪಿಸಬೇಡಿ" ಅಂದೆ. ಸಿಗರೇಟು, ಬೀಡಿ ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಇದು ಸ್ವಲ್ಪ ಏರಿರುತ್ತದೆ. ಹಾಗಾಗಿ ಕ್ಯಾನ್ಸರ್ ಇದೆಯಾ ಅಂತ ಹುಡುಕಲು ಸಿಇಎ ಮಾಡಿಸಬೇಡಿ. ಮೊದಲೇ ಏರಿದ್ದವರಿಗೆ, ಆಪರೇಷನ್ ಆದ ಮೇಲೆ ನಿಗಾ ಇಡಲು ಅದು ಒಳ್ಳೆಯದು.

ಚಿಕಿತ್ಸೆಗೆ ಬೆಂಗಳೂರಿಗೆ ಹೋಗುವವರು ರಿಪೋರ್ಟ್ ಮಾತ್ರ ಒಯ್ಯಬೇಡಿ. ಲ್ಯಾಬ್‌ನಲ್ಲಿ ಕೇಳಿ ಸ್ಲೈಡ್ ಜೊತೆ ಮೇಣದ ಬ್ಲಾಕ್ ಕೂಡ ಪಡೆದುಕೊಳ್ಳಿ. ಅಂಚು ಇರುವ ಬ್ಲಾಕ್ ಯಾವುದು ಅಂತ ನಂಬರ್ ಬರೆಸಿಕೊಳ್ಳಿ. ಬಿಸಿಲಿಗೆ ಕಾರಿನಲ್ಲಿ ಬಿಟ್ಟರೆ ಮೇಣ ಕರಗುತ್ತದೆ, ಕೈಚೀಲದಲ್ಲೇ ಇಟ್ಟುಕೊಳ್ಳಿ.