ಕಣ್ಣಿನ ಸರ್ಜನ್ ಆಗೋದು ಹೇಗೆ? ಪಿಯುಸಿಯಿಂದ ಆಪರೇಷನ್ ಥಿಯೇಟರ್‌ವರೆಗಿನ ದಾರಿ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಂಗಡಿಯಲ್ಲಿ ಕನ್ನಡಕ ಹೊಂದಿಸಿ ಕೊಡುವವರು ಆಪ್ಟಿಷಿಯನ್. ನಾಲ್ಕು ವರ್ಷದ ಕೋರ್ಸ್ ಓದಿ, ದೃಷ್ಟಿ ಪರೀಕ್ಷೆ ಮಾಡಿ ಪವರ್ ಬರೆದುಕೊಡುವವರು ಆಪ್ಟೊಮೆಟ್ರಿಸ್ಟ್. ಎಂಬಿಬಿಎಸ್ ಮುಗಿಸಿ, ಕಣ್ಣಿನ ವಿಷಯದಲ್ಲೇ ಪಿಜಿ ಮಾಡಿ, ಔಷಧ ಕೊಡುವ, ಆಪರೇಷನ್ ಮಾಡುವ ಮನುಷ್ಯ ಆಫ್ತಲ್ಮಾಲಜಿಸ್ಟ್, ಅಂದರೆ ಕಣ್ಣಿನ ಡಾಕ್ಟ್ರು. ಮೂರೂ ಒಳ್ಳೆಯ ಕೆಲಸವೇ, ಆದರೆ ದಾರಿ ಬೇರೆ ಬೇರೆ. ಇಲ್ಲಿ ಹೇಳುತ್ತಿರುವುದು ಮೂರನೆಯವರ ದಾರಿ. ಅದರಲ್ಲೂ ಅಜ್ಜಿಯ ಪೊರೆ ಆಪರೇಷನ್ನನ್ನೂ ಮೊಮ್ಮಗಳ ಮೆಳ್ಳೆಗಣ್ಣನ್ನೂ ಎರಡನ್ನೂ ನೋಡಬಲ್ಲ ಸರ್ಜನ್ ಆಗುವುದು ಹೇಗೆ ಅಂತ.

ಎಷ್ಟು ವರ್ಷ? ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ, ಪಿಜಿ ಮೂರು, ಫೆಲೋಶಿಪ್ ಒಂದು ಅಥವಾ ಎರಡು. ಎಲ್ಲೂ ಒಂದು ವರ್ಷವೂ ಹಾಳಾಗದಿದ್ದರೆ ಹತ್ತು. ಆದರೆ ನೀಟ್‌ಗೆ ಎರಡು ಸಲ, ಪಿಜಿ ಸೀಟಿನ ಪರೀಕ್ಷೆಯಾದ ನೀಟ್ ಪಿಜಿಗೂ ಎರಡು ಸಲ ಕೂರುವವರೇ ಜಾಸ್ತಿ, ಹಾಗಾಗಿ ಮೂವತ್ತರ ಆಸುಪಾಸಿನವರೆಗೆ ಮನೆಯವರು ತಾಳ್ಮೆ ಇಟ್ಟುಕೊಳ್ಳಬೇಕು ಅಂತ ಈಗಲೇ ಹೇಳಿಬಿಡಿ.

ಹೆಜ್ಜೆ 1: ನೀಟ್

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು. ನೀಟ್‌ನಲ್ಲಿ 720 ಅಂಕ, ಅದರಲ್ಲಿ ಅರ್ಧ ಬಯಾಲಜಿಯದ್ದೇ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಮೆಡಿಕಲ್ ಕಾಲೇಜಿನ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ ಅನ್ನುವುದು ನೆನಪಿರಲಿ. ರಾಜ್ಯದ ಸೀಟು ಹಂಚುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೊಂದು ಮೀಸಲಾತಿ, ಕಲ್ಯಾಣ ಕರ್ನಾಟಕದವರಾದರೆ 371ಜೆ ಮೀಸಲಾತಿ. ಈ ಸರ್ಟಿಫಿಕೇಟುಗಳನ್ನು ಕೌನ್ಸೆಲಿಂಗ್ ಬಂದಾಗ ಆಫೀಸುಗಳ ಮುಂದೆ ನಿಂತು ಮಾಡಿಸುವ ಬದಲು ಪಿಯುಸಿ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ.

ಹೆಜ್ಜೆ 2: ಎಂಬಿಬಿಎಸ್

ಇಲ್ಲಿ ಕಣ್ಣಿಗೆ ಸಿಗುವ ಜಾಗ ಚಿಕ್ಕದು. ಒಂದು ಪೇಪರ್, ಕೆಲವು ವಾರಗಳ ಪೋಸ್ಟಿಂಗ್, ಇಂಟರ್ನ್‌ಶಿಪ್‌ನಲ್ಲಿ ಎರಡು ವಾರ, ಅಷ್ಟೆ. ಬಹಳ ಹುಡುಗರು ಆ ಎರಡು ವಾರವನ್ನು ನೀಟ್ ಪಿಜಿ ಓದಲು ಸಿಕ್ಕ ರಜೆ ಅಂದುಕೊಳ್ಳುತ್ತಾರೆ. ಕಣ್ಣಿನ ಮೇಲೆ ಆಸೆ ಇದ್ದರೆ ಹಾಗೆ ಮಾಡಬೇಡಿ. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಸರ್ಜನ್ ಪಕ್ಕದ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಸುಮ್ನೆ ನೋಡಿ. ಅರ್ಧ ಗಂಟೆ ಅಲ್ಲಾಡದೆ ಕೂತು, ಮಿಲಿಮೀಟರ್ ಲೆಕ್ಕದ ಕೆಲಸ ಮಾಡುವುದು ನಿಮಗೆ ಹಿಡಿಸುತ್ತದಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ. ಜೊತೆಗೆ ನಿಮ್ಮ ಕಣ್ಣನ್ನೂ ಒಮ್ಮೆ ತೋರಿಸಿಕೊಳ್ಳಿ. ಕನ್ನಡಕ ಇದ್ದರೆ ತೊಂದರೆಯಿಲ್ಲ. ಎರಡೂ ಕಣ್ಣು ಒಟ್ಟಿಗೆ ಕೆಲಸ ಮಾಡಿ ಆಳ ತಿಳಿಯುವ ಶಕ್ತಿ ಇದೆಯಲ್ಲ, ಮೈಕ್ರೋಸ್ಕೋಪಿನ ಕೆಲಸಕ್ಕೆ ಬೇಕಾಗಿರುವುದು ಅದು.

ಹೆಜ್ಜೆ 3: ಪಿಜಿ ಸೀಟು, ಇಲ್ಲೇ ಎಲ್ಲ ಇರುವುದು

ನೀಟ್ ಪಿಜಿ 800 ಅಂಕದ ಪರೀಕ್ಷೆ. ಬರೆದ ಮೇಲೆ ಮೂರು ದಾರಿ. ಮೆಡಿಕಲ್ ಕಾಲೇಜಿನಲ್ಲಿ ಮೂರು ವರ್ಷದ ಎಂಎಸ್, ಅಂದರೆ ಮಾಸ್ಟರ್ ಆಫ್ ಸರ್ಜರಿ. ಆಸ್ಪತ್ರೆಗಳಲ್ಲಿ ಮೂರು ವರ್ಷ ಓದಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯಿಂದ ಪಡೆಯುವ ಡಿಎನ್‌ಬಿ. ಅಥವಾ ಎರಡು ವರ್ಷದ ಡಿಪ್ಲೊಮಾ. ಎಂಎಸ್ ದೊಡ್ಡದಾ ಡಿಎನ್‌ಬಿ ದೊಡ್ಡದಾ ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಪ್ರತಿ ವರ್ಷ ಜಗಳ ನಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅದು ಮುಖ್ಯವಾದ ಪ್ರಶ್ನೆಯೇ ಅಲ್ಲ.

ಕೇಳಬೇಕಾದ್ದು ಒಂದೇ: ಮೂರು ವರ್ಷದಲ್ಲಿ ನನ್ನ ಕೈಯಿಂದ ಎಷ್ಟು ಆಪರೇಷನ್ ಆಗುತ್ತದೆ? ನೋಡಿದ್ದಲ್ಲ, ಪಕ್ಕದಲ್ಲಿ ನಿಂತು ನೀರು ಬಿಟ್ಟಿದ್ದಲ್ಲ, ಶುರುವಿನಿಂದ ಕೊನೆವರೆಗೆ ನಾನೇ ಮಾಡಿದ್ದು. ಕೆಲವು ಕಡೆ ಪೇಷೆಂಟುಗಳು ಸಾಲುಗಟ್ಟಿ ಬರುತ್ತಾರೆ, ಕ್ಯಾಂಪಿನಿಂದ ಬಸ್ಸಿನಲ್ಲಿ ಕರೆತರುತ್ತಾರೆ, ಪಿಜಿ ಹುಡುಗರಿಗೆ ಕೈತುಂಬ ಕೇಸ್. ಇನ್ನು ಕೆಲವು ಕಡೆ ಬಿಲ್ಡಿಂಗ್ ಥಳಥಳ, ಮೆಷಿನ್ ಹೊಸತು, ಆದರೆ ಪಿಜಿಗೆ ಚಾಕು ಸಿಗುವುದು ಕೊನೆಯ ವರ್ಷದ ಕೊನೆಯ ತಿಂಗಳಲ್ಲಿ. ವೆಬ್‌ಸೈಟ್ ನೋಡಿದರೆ ಇದು ತಿಳಿಯುವುದಿಲ್ಲ. ಕಳೆದ ವರ್ಷ ಪಾಸಾದ ಸೀನಿಯರ್ ಒಬ್ಬರನ್ನು ಹುಡುಕಿ ಫೋನ್ ಮಾಡಿ. 'ಮೊದಲ ವರ್ಷ ಏನು ಮಾಡಿಸಿದರು? ಮಕ್ಕಳ ಕೇಸು ಬರುತ್ತಿತ್ತಾ? ಫೇಕೊ ಕೈಗೆ ಕೊಟ್ಟರಾ?' ಈ ಮೂರು ಕೇಳಿದರೆ ಸಾಕು. (ಫೇಕೊ ಅಂದರೆ ಮೆಷಿನ್ನಿನಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಆಪರೇಷನ್.) ಓದು ಮುಗಿದ ಮೇಲೆ ಕಡ್ಡಾಯವಾಗಿ ಕೆಲಸ ಮಾಡುತ್ತೇನೆ ಅಂತ ಬರೆದುಕೊಡುವ ಬಾಂಡ್ ಎಷ್ಟು ವರ್ಷದ್ದು, ಮುರಿದರೆ ದಂಡ ಎಷ್ಟು ಅನ್ನುವುದನ್ನೂ ಸೇರುವ ಮೊದಲೇ ಓದಿಕೊಳ್ಳಿ.

ನಮ್ಮಲ್ಲಿ ಬೆಂಗಳೂರಿನ ಮಿಂಟೋ ಇದೆ, 1896ರಲ್ಲಿ ಶುರುವಾದ ಸರ್ಕಾರಿ ಕಣ್ಣಾಸ್ಪತ್ರೆ. ಹೊರಗೆ ಹೋಗುವುದಾದರೆ ಮದುರೈನ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್‌.ವಿ. ಪ್ರಸಾದ್, ದೆಹಲಿ ಏಮ್ಸ್‌ನ ಆರ್‌.ಪಿ. ಸೆಂಟರ್ ಹೆಸರು ಮಾಡಿವೆ. ಏಮ್ಸ್‌ಗೆ ಪರೀಕ್ಷೆ ಬೇರೆ, ಐಎನ್‌ಐ-ಸಿಇಟಿ.

ಹೆಜ್ಜೆ 4: ಕೈ ಕೂರುವ ಮೂರು ವರ್ಷ

ಮೊದಲ ತಿಂಗಳುಗಳು ಓಪಿಡಿಯಲ್ಲೇ ಕಳೆಯುತ್ತವೆ. ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣಿನ ಮುಂಭಾಗ ನೋಡುವುದು, ರೆಟಿನೋಸ್ಕೋಪಿನಲ್ಲಿ ಬೆಳಕು ಆಡಿಸಿ ಪೇಷೆಂಟನ್ನು ಏನೂ ಕೇಳದೆ ಪವರ್ ಕಂಡುಹಿಡಿಯುವುದು, ಆಮೇಲೆ ಇಂಡೈರೆಕ್ಟ್ ಅನ್ನುವ ಪರೀಕ್ಷೆ. ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ 20 ಡಿ (ಡಯಾಪ್ಟರ್) ಪವರಿನ ಲೆನ್ಸ್ ಹಿಡಿದು ಕಣ್ಣಿನ ಹಿಂದಿನ ಪರದೆ ನೋಡಬೇಕು. ಕಾಣುವ ಚಿತ್ರ ತಲೆಕೆಳಗು, ಎಡ ಬಲವೂ ಅದಲು ಬದಲು. ಎಷ್ಟೋ ದಿನ ಏನೂ ಕಾಣುವುದಿಲ್ಲ, ಆಮೇಲೆ ಒಂದು ದಿನ ಥಟ್ಟನೆ ಕಿತ್ತಳೆ ಬಣ್ಣದ ರೆಟಿನಾ ಎದುರಿಗೆ ಬಂದು ನಿಲ್ಲುತ್ತದೆ.

ಆಪರೇಷನ್ ಕಲಿಕೆ ಶುರುವಾಗುವುದು ಮೇಕೆ ಕಣ್ಣಿನಿಂದ. ಮಟನ್ ಅಂಗಡಿಯಿಂದ ಬೆಳಿಗ್ಗೆ ತಂದ ಕಣ್ಣನ್ನು ವೆಟ್ ಲ್ಯಾಬಿನಲ್ಲಿ ಗುಂಡುಸೂಜಿಯಲ್ಲಿ ಸಿಕ್ಕಿಸಿ, ಕೂದಲಿಗಿಂತ ತೆಳುವಾದ 10-0 ನೈಲಾನ್ ದಾರದಲ್ಲಿ ಹೊಲಿಗೆ ಹಾಕಿ ಹಾಕಿ ಬಿಚ್ಚಬೇಕು. ಕೆಲವರು ಮನೆಯಲ್ಲಿ ಟೊಮೆಟೊ ಸಿಪ್ಪೆಯ ಮೇಲೂ ಅಭ್ಯಾಸ ಮಾಡುತ್ತಾರೆ. ಯಾಕೆ ಗೊತ್ತಾ? ಪೊರೆ ಆಪರೇಷನ್‌ನಲ್ಲಿ ರೆಕ್ಸಿಸ್ ಅನ್ನುವ ಒಂದು ಹಂತ ಇದೆ. ಕಣ್ಣಿನ ಮಸೂರದ ಸುತ್ತ ಪಾರದರ್ಶಕವಾದ ಒಂದು ಚೀಲವಿದೆ. ಅದರ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ದುಂಡನೆ ಕಿಂಡಿಯನ್ನು ಸುತ್ತ ಹರಿಯುತ್ತಾ ತೆಗೆಯಬೇಕು. ಕೈ ಸ್ವಲ್ಪ ಹೊರಕ್ಕೆ ಎಳೆದರೆ ಹರಿದದ್ದು ಅಂಚಿಗೆ ಓಡಿಬಿಡುತ್ತದೆ, ಮತ್ತೆ ಹಿಂದಕ್ಕೆ ತರುವುದು ಕಷ್ಟ. ಅದೇ ಚೀಲದ ಹಿಂಭಾಗ ಇನ್ನೂ ತೆಳು, ಕೆಲವೇ ಮೈಕ್ರಾನ್. ಅದು ತೂತಾದರೆ ಒಳಗಿನ ಜೆಲ್ಲಿ ಮುಂದಕ್ಕೆ ಬರುತ್ತದೆ, ಹತ್ತು ನಿಮಿಷದ ಕೆಲಸ ಒಂದು ಗಂಟೆಯದ್ದಾಗುತ್ತದೆ. ಅದನ್ನು ಸಂಭಾಳಿಸುವುದನ್ನೂ ಪಕ್ಕದಲ್ಲಿ ಗುರು ಇರುವಾಗಲೇ ಕಲಿಯಬೇಕು.

ಒಳ್ಳೆಯ ಕಡೆ ಇಡೀ ಆಪರೇಷನ್ನನ್ನು ಒಮ್ಮೆಲೇ ಕೈಗೆ ಕೊಡುವುದಿಲ್ಲ. ಇವತ್ತಿನ ಕೇಸುಗಳಲ್ಲೆಲ್ಲ ನೀವು ಬರೀ ಲೆನ್ಸ್ ಕೂರಿಸಿ, ಮಿಕ್ಕದ್ದು ಸೀನಿಯರ್ ಮಾಡುತ್ತಾರೆ. ಅದು ಸರಿಹೋದ ಮೇಲೆ ಇನ್ನೊಂದು ಹಂತ. ಕೈಯಷ್ಟೇ ಅಲ್ಲ, ಕಾಲಿಗೂ ಪಾಠ ಇದೆ. ಒಂದು ಪಾದದ ಕೆಳಗೆ ಮೈಕ್ರೋಸ್ಕೋಪಿನ ಪೆಡಲ್, ಇನ್ನೊಂದರ ಕೆಳಗೆ ಫೇಕೊ ಮೆಷಿನ್ನಿನ ಪೆಡಲ್. ಅದಕ್ಕೇ ಎಷ್ಟೋ ಜನ ಓಟಿಯಲ್ಲಿ ಚಪ್ಪಲಿ ಬಿಚ್ಚಿ ಕೂರುತ್ತಾರೆ, ಪೆಡಲ್ ಎಷ್ಟು ಒತ್ತಿದೆ ಅಂತ ಪಾದಕ್ಕೆ ತಿಳಿಯಲಿ ಅಂತ.

ಫೇಕೊದಲ್ಲಿ ಎರಡೂವರೆ ಮಿಲಿಮೀಟರ್ ಆಸುಪಾಸಿನ ಗಾಯ ಸಾಕು. ಎಸ್‌ಐಸಿಎಸ್‌ನಲ್ಲಿ (ಪೊರೆಯನ್ನು ಕೈಯಿಂದಲೇ ಹೊರತೆಗೆಯುವ ಆಪರೇಷನ್) ಆರೇಳು ಮಿಲಿಮೀಟರ್ ಬೇಕು, ಆದರೆ ದುಬಾರಿ ಮೆಷಿನ್ ಬೇಡ, ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಈಗಿನ ಹುಡುಗರು ಸೀದಾ ಫೇಕೊಗೆ ಹಾರಲು ನೋಡುತ್ತಾರೆ. ಬೇಡ. ರಾಯಚೂರು, ಕೊಪ್ಪಳದ ಹಳ್ಳಿಯಿಂದ ಪೂರ್ತಿ ಹಣ್ಣಾಗಿ ಕಂದು ಬಣ್ಣಕ್ಕೆ ತಿರುಗಿದ ಪೊರೆ ಬಂದಾಗ ಕಾಪಾಡುವುದು ಎಸ್‌ಐಸಿಎಸ್ಸೇ. ಬೀಳಗಿಯ ಡಾ. ಎಂ.ಸಿ. ಮೋದಿ ಶಾಲೆ, ಛತ್ರಗಳಲ್ಲಿ ಕ್ಯಾಂಪ್ ಹಾಕಿ ಸಾವಿರಾರು ಜನರ ಪೊರೆ ತೆಗೆದ ಕಾಲದಲ್ಲಿ ಕಣ್ಣೊಳಗೆ ಕೂರಿಸುವ ಲೆನ್ಸ್ ಬಳಕೆಗೆ ಬಂದಿರಲಿಲ್ಲ, ಆಪರೇಷನ್ ಆದ ಮೇಲೆ ಸೋಡಾಬುಡ್ಡಿ ಕನ್ನಡಕವೇ ಗತಿ. ಈಗ ಲೆನ್ಸ್ ಇಲ್ಲದ ಆಪರೇಷನ್ ಅಪರೂಪ, ಹಾಗಾಗಿ ಜನರ ನಿರೀಕ್ಷೆಯೂ ಜಾಸ್ತಿ.

ಹೆಜ್ಜೆ 5: ಫೆಲೋಶಿಪ್

ಪಿಜಿ ಮುಗಿದರೆ ಕಾನೂನಿನ ಪ್ರಕಾರ ನೀವು ಕಣ್ಣಿನ ಡಾಕ್ಟ್ರು. ಆದರೂ ಈಗ ಬಹಳ ಮಂದಿ ಒಂದು ಭಾಗವನ್ನು ಹಿಡಿದು ಮತ್ತೆ ಕಲಿಯುತ್ತಾರೆ. ರೆಟಿನಾ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ), ರೆಪ್ಪೆ ಮತ್ತು ಕಣ್ಣಿನ ಗೂಡಿನ ಸರ್ಜರಿ, ಮಕ್ಕಳ ಕಣ್ಣು. ಇಷ್ಟು ಚಿಕ್ಕ ಅಂಗಕ್ಕೆ ಇಷ್ಟೊಂದು ವಿಭಾಗ ಯಾಕೆ ಅಂತ ಅನ್ನಿಸಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂದದ್ದು ನೆನಪಿದೆಯಲ್ಲ? ಕಾರ್ನಿಯಾ ಇರುವುದೇ ಅರ್ಧ ಮಿಲಿಮೀಟರ್ ದಪ್ಪ. ಅದನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬೇರ್ಪಡಿಸಿ, ಯಾರಿಗೆ ಯಾವ ಪದರ ಕೆಟ್ಟಿದೆಯೋ ಅದನ್ನಷ್ಟೇ ಹಾಕಿದರು. ಅಂಥ ಕೆಲಸಕ್ಕೆ ಮೂರು ವರ್ಷದ ಪಿಜಿ ಸಾಲದು.

ಮಕ್ಕಳ ಕಣ್ಣು ಬೇರೆಯದೇ ಕಸುಬು

ಮಕ್ಕಳ ಕಣ್ಣನ್ನೂ ನೋಡುತ್ತೇನೆ ಅಂದುಕೊಂಡವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಮಗುವಿನ ಕಣ್ಣು ದೊಡ್ಡವರ ಕಣ್ಣಿನ ಚಿಕ್ಕ ಸೈಜ್ ಅಲ್ಲ.

ಮೊದಲನೆಯದಾಗಿ, ಪೇಷೆಂಟ್ ಏನೂ ಹೇಳುವುದಿಲ್ಲ. ಅಕ್ಷರ ಬಾರದ ಮಗುವಿಗೆ ಸೇಬು, ಮನೆಯ ಚಿತ್ರ ಇರುವ ಚಾರ್ಟ್. ಅದೂ ಆಗದ ಕೂಸಿಗೆ ಗೆರೆ ಇರುವ ಕಾರ್ಡ್ ಹಿಡಿದು, ಅದು ಯಾವ ಕಡೆ ಕಣ್ಣು ಹೊರಳಿಸುತ್ತದೆ ಅಂತ ನೋಡುವುದು. ಒಂದು ಕಣ್ಣು ಮುಚ್ಚಿದಾಗ ಮಗು ಸುಮ್ಮನಿದ್ದು, ಇನ್ನೊಂದು ಮುಚ್ಚಿದ ಕೂಡಲೇ ಕಿರುಚಾಡಿ ಕೈ ತಳ್ಳಿದರೆ, ಕಾಣುವ ಕಣ್ಣು ಯಾವುದು ಅಂತ ಅದೇ ಹೇಳಿದ ಹಾಗಾಯಿತು. ಡ್ರಾಪ್ಸ್ ಹಾಕಿ ಪಾಪೆ ಅಗಲಿಸದೆ ಮಕ್ಕಳಿಗೆ ಪವರ್ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಗು ಒಳಗಿನ ಸ್ನಾಯು ಬಿಗಿಹಿಡಿದು ಸುಳ್ಳು ಪವರ್ ತೋರಿಸಿಬಿಡುತ್ತದೆ.

ಎರಡನೆಯದು, ಸಮಯ. ಅಜ್ಜನ ಪೊರೆಗೆ ದೀಪಾವಳಿ ಆದ ಮೇಲೆ ಬನ್ನಿ ಅನ್ನಬಹುದು. ಹುಟ್ಟುವಾಗಲೇ ಒಂದು ಕಣ್ಣಿಗೆ ಪೂರ್ತಿ ಪೊರೆ ಬಂದಿರುವ ಕೂಸಿಗೆ ಸುಮಾರು ಆರು ವಾರದೊಳಗೆ ಆಪರೇಷನ್ ಆದರೆ ಒಳ್ಳೆಯದು. ತಡವಾದರೆ ಕಣ್ಣು ಸ್ವಚ್ಛವಾದರೂ ಮೆದುಳು ಅದನ್ನು ಬಳಸಲು ಕಲಿತಿರುವುದಿಲ್ಲ, ಅದೇ ಸೋಮಾರಿ ಕಣ್ಣು. ಆಪರೇಷನ್ ಆದ ಮೇಲೂ ಚೆನ್ನಾಗಿ ಕಾಣುವ ಕಣ್ಣಿಗೆ ದಿನಾ ಇಷ್ಟು ಗಂಟೆ ಅಂತ ಪಟ್ಟಿ ಕಟ್ಟಿ, ಸೋಮಾರಿ ಕಣ್ಣಿನಿಂದ ಕೆಲಸ ತೆಗೆಯಬೇಕು. ಆ ಪಟ್ಟಿಯನ್ನು ಕಿತ್ತೆಸೆಯುವ ಮೂರು ವರ್ಷದ ಮಗು, ಪಾಪ ಅಂತ ಬಿಚ್ಚಿಬಿಡುವ ಅಜ್ಜಿ, ಇಬ್ಬರನ್ನೂ ಒಪ್ಪಿಸುವುದು ಡಾಕ್ಟ್ರ ಕೆಲಸವೇ. ಮೆಳ್ಳೆಗಣ್ಣು ಅದೃಷ್ಟ, ದೊಡ್ಡವನಾದ ಮೇಲೆ ಸರಿಹೋಗುತ್ತೆ ಅನ್ನುವ ಮನೆಗಳು ಇನ್ನೂ ಇವೆ. ಅವರಿಗೆ ಬೈದು ಪ್ರಯೋಜನವಿಲ್ಲ, ಮುಂದಿನ ಸಲ ಬರುವುದೇ ಇಲ್ಲ.

ಮೂರನೆಯದು, ಕಣ್ಣು ಬೆಳೆಯುತ್ತದೆ. ಹುಟ್ಟಿದಾಗ ಸುಮಾರು 17 ಮಿಲಿಮೀಟರ್ ಉದ್ದವಿರುವ ಕಣ್ಣು ದೊಡ್ಡವರಾಗುವಷ್ಟರಲ್ಲಿ 23-24 ಆಗುತ್ತದೆ. ಇವತ್ತಿಗೆ ಸರಿಯಾದ ಲೆನ್ಸ್ ಹಾಕಿದರೆ ಮುಂದೆ ಅದು ಜಾಸ್ತಿ ಆಗಿಬಿಡುತ್ತದೆ, ಹಾಗಾಗಿ ಬೇಕೆಂದೇ ಕಡಿಮೆ ಪವರಿನದನ್ನು ಹಾಕಿ ಮಿಕ್ಕಿದ್ದಕ್ಕೆ ಕನ್ನಡಕ ಕೊಡುತ್ತಾರೆ. ದೊಡ್ಡವರಿಗೆ ಡ್ರಾಪ್ಸ್ ಅಥವಾ ಇಂಜೆಕ್ಷನ್ ಸಾಕಾದರೆ ಇಲ್ಲಿ ಪೂರ್ತಿ ಅರಿವಳಿಕೆ ಬೇಕು. ಮಕ್ಕಳಿಗೆ ಅರಿವಳಿಕೆ ಕೊಡುವವರು ಇಲ್ಲದ ಊರಿನಲ್ಲಿ ಈ ಕೆಲಸ ನಡೆಯುವುದೇ ಇಲ್ಲ.

ಇನ್ನು ದಿನ ತುಂಬದೆ ಹುಟ್ಟಿದ ಕೂಸುಗಳು. 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ ಎರಡು ಕೆಜಿಗಿಂತ ಕಡಿಮೆ ತೂಕದ ಮಗುವಿನ ರೆಟಿನಾವನ್ನು ತಿಂಗಳೊಳಗೆ ನೋಡಲೇಬೇಕು. ಇಂಥ ಕೂಸುಗಳ ರೆಟಿನಾಗೆ ಬರುವ ಕಾಯಿಲೆಯೇ ಆರ್‌ಒಪಿ. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಅನ್ನುವ ಕಾರ್ಯಕ್ರಮ ಇದೆ, ನಾರಾಯಣ ನೇತ್ರಾಲಯದವರು ಶುರುಮಾಡಿದ್ದು. ತರಬೇತಿ ಪಡೆದ ಟೆಕ್ನಿಷಿಯನ್‌ಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ಫೋಟೊ ತೆಗೆದು ಕಳಿಸುತ್ತಾರೆ, ಬೆಂಗಳೂರಿನಲ್ಲಿ ಕೂತ ತಜ್ಞರು ನೋಡುತ್ತಾರೆ. ಮಕ್ಕಳ ಕಣ್ಣಿನ ಫೆಲೋಶಿಪ್ ಹುಡುಕುವಾಗ ಮೆಳ್ಳೆಗಣ್ಣು, ಮಕ್ಕಳ ಪೊರೆ ಮತ್ತು ಈ ಆರ್‌ಒಪಿ ಮೂರೂ ಕಲಿಸುವ ಜಾಗ ಸಿಕ್ಕರೆ ಬಿಡಬೇಡಿ.

ಹೆಜ್ಜೆ 6: ಕೆಲಸ

ಸರ್ಕಾರಿ ಆಸ್ಪತ್ರೆ, ಟ್ರಸ್ಟ್ ಆಸ್ಪತ್ರೆ, ಕಾರ್ಪೊರೇಟ್, ಮೆಡಿಕಲ್ ಕಾಲೇಜಿನ ಮೇಷ್ಟ್ರು ಕೆಲಸ, ಸ್ವಂತ ಕ್ಲಿನಿಕ್. ಶುರುವಿನಲ್ಲಿ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಆಪರೇಷನ್ ಜಾಸ್ತಿ ಸಿಗುವ ಟ್ರಸ್ಟ್ ಆಸ್ಪತ್ರೆಯಲ್ಲಿ ಎರಡು ಮೂರು ವರ್ಷ ಇರಿ ಅಂತಲೇ ನಾನು ಹೇಳುವುದು. ಬರೀ ಮಕ್ಕಳ ಕಣ್ಣನ್ನೇ ನಂಬಿ ಜಿಲ್ಲಾ ಕೇಂದ್ರದಲ್ಲಿ ಬದುಕುವುದು ಕಷ್ಟ, ಒಂದೊಂದು ಮಗುವಿಗೂ ಹೊತ್ತು ಹಿಡಿಯುತ್ತದೆ, ಫೀಸು ಮಾತ್ರ ಅಷ್ಟೇ. ಅದಕ್ಕೇ ಬೆಳಿಗ್ಗೆ ಪೊರೆ, ಸಂಜೆ ಮಕ್ಕಳು ಅಂತ ಎರಡನ್ನೂ ಇಟ್ಟುಕೊಂಡವರು ಸಣ್ಣ ಊರುಗಳಲ್ಲಿ ಚೆನ್ನಾಗಿ ನಡೆಸುತ್ತಿದ್ದಾರೆ.

ವಿದೇಶದ ಆಸೆ ಇದ್ದರೆ ಬೇಗ ನಿರ್ಧರಿಸಿ. ಬ್ರಿಟನ್ನಿನಲ್ಲಿ ಕಣ್ಣಿನ ತರಬೇತಿಯೇ ಏಳು ವರ್ಷ. ಅಮೆರಿಕದಲ್ಲಿ ಸಾಮಾನ್ಯವಾಗಿ ರೆಸಿಡೆನ್ಸಿಯನ್ನು ಮೊದಲಿನಿಂದ ಮಾಡಬೇಕು.

ಇಲ್ಲೇ ಇರುವುದಾದರೆ, ಎಂಎಸ್ ಕೈಗೆ ಬಂದ ಕೂಡಲೇ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅದನ್ನು ಹೆಚ್ಚುವರಿ ವಿದ್ಯಾರ್ಹತೆಯಾಗಿ ನೋಂದಾಯಿಸಿ. ಸ್ವಂತ ಕ್ಲಿನಿಕ್ ತೆರೆಯುವವರಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು, ಆಸ್ಪತ್ರೆ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಫೇಕೊ ಮೆಷಿನ್ನಿಗೆ ಬ್ಯಾಂಕ್ ಸಾಲ ಕೇಳಲು ಹೋದಾಗ ಮ್ಯಾನೇಜರ್ ಮೊದಲು ಕೇಳುವುದೂ ಈ ಕಾಗದಗಳನ್ನೇ.