ಕರುಳಿನ ಕ್ಯಾನ್ಸರ್: ಜೀನ್ ರಿಪೋರ್ಟ್ ಓದುವುದು ಹೇಗೆ?

ಬಯಾಪ್ಸಿ ಆಯಿತು, ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತೂ ಆಯಿತು. ಕೆಲವು ದಿನ ಬಿಟ್ಟು ಇನ್ನೊಂದು ರಿಪೋರ್ಟ್ ಕೈಗೆ ಬರುತ್ತದೆ. ಅದರ ತುಂಬ ಕೆ-ರಾಸ್, ಬಿ-ರಾಫ್, ಎಂಎಸ್‌ಐ ಅಂತ ಏನೇನೋ ಅಕ್ಷರಗಳು. ಕಾಯಿಲೆ ಬೇರೆ ಅಂಗಕ್ಕೆ ಹರಡಿದ್ದರೆ, ಯಾವ ಔಷಧಿ ಎನ್ನುವುದಕ್ಕೆ ಈ ಹಾಳೆ ಬಹಳ ಮುಖ್ಯ. ಡಾಕ್ಟರ ಮುಂದೆ ಕೂರುವ ಮೊದಲು ಒಮ್ಮೆ ಓದಿಕೊಂಡರೆ ಮಾತು ಸುಲಭವಾಗುತ್ತದೆ.

ಮೊದಲು ಮನೆಯ ಕಾಲಿಂಗ್ ಬೆಲ್ ನೆನಪಿಸಿಕೊಳ್ಳಿ. ಜೀವಕೋಶದ ಮೇಲ್ಮೈಯಲ್ಲಿರುವ ಇಜಿಎಫ್‌ಆರ್ ಎಂಬ ಪ್ರೋಟೀನ್ ಬಟನ್ ಇದ್ದ ಹಾಗೆ. ಅದನ್ನು ಒತ್ತಿದರೆ ಸುದ್ದಿ ಒಳಗಿನ ರಾಸ್‌ಗೆ, ಅಲ್ಲಿಂದ ರಾಫ್, ಮೆಕ್, ಇಆರ್‌ಕೆ ಅಂತ ಕೈದಾಟುತ್ತ ನ್ಯೂಕ್ಲಿಯಸ್ ಮುಟ್ಟುತ್ತದೆ. ಆಗ ಕೋಶ ಎರಡಾಗಲು ಹೊರಡುತ್ತದೆ. ಬಟನ್ ಬಿಟ್ಟರೆ ಬೆಲ್ ನಿಲ್ಲಬೇಕು, ಅಲ್ವಾ? ಕ್ಯಾನ್ಸರಿನಲ್ಲಿ ಅದು ನಿಲ್ಲುವುದಿಲ್ಲ.

ಈಗ ರಾಸ್‌ನ ಒಂದು ಬಗೆಯಾದ ಕೆ-ರಾಸ್‌ನ ಸಾಲು ಹುಡುಕಿ. 'ವೈಲ್ಡ್ ಟೈಪ್' ಎಂದಿದ್ದರೆ ಗಾಬರಿ ಬೇಡ. ಜೀನ್ ಮಾಮೂಲಿನಂತೆಯೇ ಇದೆ ಎಂದರ್ಥ. ಈ ಹೆಸರಿಟ್ಟವರು ರೋಗಿಯ ಮನೆಯವರ ಮುಖ ನೋಡಿರಲಿಕ್ಕಿಲ್ಲ! 'ಜಿ12ಡಿ' ಅಂತಿದ್ದರೆ ಹೀಗೆ ಬಿಡಿಸಿ: ಪ್ರೋಟೀನಿನ 12ನೇ ಜಾಗದಲ್ಲಿ ಗ್ಲೈಸಿನ್ ಇರಬೇಕಿತ್ತು, ಅಲ್ಲಿ ಆಸ್ಪಾರ್ಟಿಕ್ ಆಸಿಡ್ ಬಂದು ಕೂತಿದೆ. ಜಿ ಇದ್ದದ್ದು, ಡಿ ಬಂದದ್ದು. ಇಷ್ಟಕ್ಕೇ ರಾಸ್ ಸ್ವಿಚ್ಚು ಆನ್ ಆದಲ್ಲೇ ಸಿಕ್ಕಿಕೊಳ್ಳುತ್ತದೆ. ಈ ಕ್ಯಾನ್ಸರ್ ಬಂದವರಲ್ಲಿ ಸುಮಾರು ಶೇ 40 ಮಂದಿಗೆ ಕೆ-ರಾಸ್ ಕೆಟ್ಟಿರುತ್ತದೆ.

ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಔಷಧಿಗಳು ಮಾಡುವುದು ಬಟನ್ ಮುಚ್ಚುವ ಕೆಲಸ. ಒಳಗೆ ವೈರೇ ಶಾರ್ಟ್ ಆಗಿದ್ದರೆ ಬಟನ್ ಮುಚ್ಚಿ ಏನು ಬಂತು? ಸೆಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಕೆ-ರಾಸ್ ಕೆಟ್ಟವರಿಗೆ ಬೇಡ ಎಂದು ಲೇಬಲ್ ಬದಲಾದದ್ದು 2009ರಲ್ಲಿ. ನಡುವಿನ ವರ್ಷಗಳಲ್ಲಿ ಎಷ್ಟೋ ಜನರಿಗೆ ಆ ದುಬಾರಿ ಔಷಧಿಯಿಂದ ಸಿಕ್ಕಿದ್ದು ಮುಖದ ತುಂಬ ಮೊಡವೆಯಂಥ ಗುಳ್ಳೆ ಮಾತ್ರ. ರಾಸ್‌ನ ಇನ್ನೊಂದು ಬಗೆಯಾದ ಎನ್-ರಾಸ್ ಸಾಲಿಗೂ ಇದೇ ಲೆಕ್ಕ. ಕೆ-ರಾಸ್‌ನ 'ಜಿ12ಸಿ' ಮಾತ್ರ ಬೇರೆ. ಅದಕ್ಕೆಂದೇ ಮಾಡಿದ ಮಾತ್ರೆಗಳಿವೆ, ಅವನ್ನು ಬಟನ್ ಮುಚ್ಚುವ ಔಷಧಿಯ ಜೊತೆಗೆ ಕೊಡುತ್ತಾರೆ.

ಮುಂದಿನದು ಬಿ-ರಾಫ್. 'ವಿ600ಇ' ಕಂಡರೆ ಗುರುತು ಹಾಕಿಕೊಳ್ಳಿ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಈ ದೋಷಕ್ಕೆ ಬಿ-ರಾಫ್ ತಡೆಯುವ ಮಾತ್ರೆ ಒಂದೇ ಕೊಟ್ಟರೂ ಅನೇಕರಲ್ಲಿ ಗಡ್ಡೆ ಕುಗ್ಗುತ್ತದೆ. ಕರುಳಿನಲ್ಲಿ ಹಾಗಾಗಲಿಲ್ಲ. ಕೆಳಗೆ ತಡೆದರೆ ಕೋಶ ಮೇಲಿನ ಬಟನ್ನನ್ನೇ ಇನ್ನೂ ಜೋರಾಗಿ ಒತ್ತುತ್ತದೆ! ಹಾಗಾಗಿ ಇಲ್ಲಿ ಎಂಕೊರಾಫೆನಿಬ್ ಮಾತ್ರೆಯ ಜೊತೆ ಸೆಟುಕ್ಸಿಮ್ಯಾಬ್ ಸೇರಿಸಿ ಎರಡೂ ಕಡೆ ಕಟ್ಟಿಹಾಕುತ್ತಾರೆ.

ದೊಡ್ಡ ಪ್ಯಾನೆಲ್, ಅಂದರೆ ಒಟ್ಟಿಗೆ ಹಲವು ಜೀನ್ ನೋಡುವ ಪರೀಕ್ಷೆ, ಮಾಡಿಸಿದ್ದರೆ ಎಪಿಸಿ ಎಂಬ ಜೀನ್ ಕೂಡ ಕಾಣಬಹುದು. ಹೆಚ್ಚಿನವರಲ್ಲಿ ಮೊದಲು ಕೆಡುವುದೇ ಅದು. ಅದು ಇನ್ನೊಂದು ಸಂಕೇತದ ದಾರಿಯ ಬ್ರೇಕ್, ಆ ದಾರಿಗೆ ವಿಂಟ್ ಎಂದು ಹೆಸರು. ಆದರೆ ಅದನ್ನು ಸರಿಮಾಡುವ ಔಷಧಿ ಚಿಕಿತ್ಸೆಯಲ್ಲಿ ಇಲ್ಲ. ನೋಡಿ ಮುಂದೆ ಹೋಗಿ.

ಕೊನೆಗೆ ಎಂಎಸ್‌ಐ, ಅಥವಾ ಎಂಎಂಆರ್. ಇದು ಬೆಲ್ಲಿನ ವಿಷಯ ಅಲ್ಲ, ಡಿಎನ್‌ಎ ನಕಲಿನ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳ ಹಾಜರಿ. 'ಎಂಎಸ್‌ಐ ಹೈ' ಎಂದಿದ್ದರೆ ಈ ತಿದ್ದುವ ಕೆಲಸ ಕೆಟ್ಟಿದೆ ಎಂದರ್ಥ. ಆಗ ಪೆಂಬ್ರೊಲಿಜುಮ್ಯಾಬ್‌ನಂಥ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಬಗ್ಗೆ ಖಂಡಿತ ಕೇಳಿ. ಇನ್ನೊಂದು ಪ್ರಶ್ನೆಯೂ ಕೇಳಲೇಬೇಕು: ಇದು ಮನೆತನದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಇರಬಹುದಾ? ಆ ನಾಲ್ಕರಲ್ಲಿ ಒಂದಾದ ಎಂಎಲ್‌ಎಚ್1 ಪ್ರೋಟೀನ್ ಗೈರುಹಾಜರಾಗಿ ಜೊತೆಗೆ ಬಿ-ರಾಫ್ ವಿ600ಇ ಕೂಡ ಇದ್ದರೆ ಸಾಮಾನ್ಯವಾಗಿ ಅಲ್ಲ. ವಿ600ಇ ಇಲ್ಲದಿದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಲಿಂಚ್ ಎಂದು ಖಚಿತವಾದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ರಕ್ತಪರೀಕ್ಷೆ ಮಾಡಿಸಬೇಕು. ಅವರಲ್ಲಿ ಆ ಜೀನ್ ದೋಷ ಸಿಕ್ಕವರಿಗೆ ಸಾಮಾನ್ಯವಾಗಿ 20–25ರ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಹೇಳುತ್ತಾರೆ.